ಆಪರೇಷನ್ ಮುಗಿದ ಮೇಲಿನ ನೋವು ಯಾರ ಲೆಕ್ಕಕ್ಕೆ?

2025ರ ಜನವರಿ 30ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಸುಜೆಟ್ರಿಜಿನ್ ಎಂಬ ಹೊಸ ನೋವುನಿವಾರಕ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. ಅಫೀಮಿನ ವಂಶಕ್ಕೆ ಸೇರದ, ಚಟ ಹತ್ತಿಸದ, ಆಪರೇಷನ್ ನಂತರದಂಥ ತೀವ್ರ ನೋವಿಗೆ ಕೊಡಬಹುದಾದ ಮಾತ್ರೆ ಎಂದು ಅಲ್ಲಿ ದೊಡ್ಡ ಸುದ್ದಿಯಾಯಿತು. ಒಂದು ಮಾತ್ರೆಗೆ ಹದಿನೈದೂವರೆ ಡಾಲರ್. ನಮ್ಮ ಲೆಕ್ಕದಲ್ಲಿ 1,300 ರೂಪಾಯಿಯ ಆಸುಪಾಸು. ಮುಂದಿನ ತಿಂಗಳೇ ನಮ್ಮಲ್ಲೊಂದು ಸುದ್ದಿ ಬಂತು. ಟ್ಯಾಪೆಂಟಡಾಲ್ ಮತ್ತು ಕ್ಯಾರಿಸೊಪ್ರೊಡಾಲ್ ಬೆರೆಸಿದ ಮಾತ್ರೆಗಳು ಭಾರತದಿಂದ ಘಾನಾ, ನೈಜೀರಿಯಾ ಕಡೆಗೆ ಹೋಗಿ ಅಲ್ಲಿನ ಬೀದಿಗಳಲ್ಲಿ ನಶೆಗೆ ಮಾರಾಟವಾಗುತ್ತಿವೆ ಎಂದು ಬಿಬಿಸಿ ತೋರಿಸಿದ ಮೇಲೆ, ಕೇಂದ್ರದ ಔಷಧ ನಿಯಂತ್ರಕರು ಆ ಮಿಶ್ರಣದ ತಯಾರಿಕೆ ಮತ್ತು ರಫ್ತಿನ ಅನುಮತಿಯನ್ನೇ ಹಿಂಪಡೆದರು.

ಎರಡೂ ನೋವಿನ ಸುದ್ದಿಗಳೇ. ಆದರೆ ಸೇಡಂ ತಾಲ್ಲೂಕಿನಲ್ಲಿ ಸಿಸೇರಿಯನ್ ಮಾಡಿಸಿಕೊಂಡು ರಾತ್ರಿಯಿಡೀ ಹಲ್ಲು ಕಚ್ಚಿ ಮಲಗುವ ಹೆಂಗಸಿಗೆ ಈ ಎರಡೂ ಸುದ್ದಿಗಳಿಂದ ಏನೂ ಬದಲಾಗುವುದಿಲ್ಲ. ಅಮೆರಿಕದ ಚಿಂತೆ ಇರುವುದು ನೋವುನಿವಾರಕ ಅತಿಯಾದದ್ದರ ಬಗ್ಗೆ. ನಮ್ಮ ಚಿಂತೆ ಬೇರೆ. ಅದರ ಬಗ್ಗೆ ನಾವು ಮಾತನಾಡುವುದು ಕಡಿಮೆ.

ನಾನು ವೈದ್ಯನಲ್ಲ. ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಸಾಫ್ಟ್‌ವೇರ್ ಬರೆಯುವವನು. ಆದರೆ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಬಂದು ಈ ಊರಲ್ಲಿ ನೆಲೆಸಿದವರಿಗೆಲ್ಲ ಒಂದು ಎರಡನೇ ಉದ್ಯೋಗ ತಾನಾಗಿಯೇ ಅಂಟಿಕೊಳ್ಳುತ್ತದೆ. ಊರಿನಿಂದ ಆಪರೇಷನ್‌ಗೆಂದು ಬರುವವರನ್ನು ನಿಲ್ದಾಣದಿಂದ ಕರೆತರುವುದು, ಫೈಲು ಹಿಡಿದು ಕೌಂಟರಿನಿಂದ ಕೌಂಟರಿಗೆ ಅಲೆಯುವುದು, ತೆಲುಗು, ಹಿಂದಿಗೂ ಕನ್ನಡಕ್ಕೂ ನಡುವೆ ದುಭಾಷಿಯಾಗುವುದು. ಎಂಟು ವರ್ಷಗಳಲ್ಲಿ ಹೀಗೆ ಹನ್ನೊಂದು ಜನರ ಹಾಸಿಗೆ ಪಕ್ಕ ರಾತ್ರಿ ಕುಳಿತಿದ್ದೇನೆ. ಅವರಲ್ಲಿ ಬಹುತೇಕರಿಗೆ ಆಪರೇಷನ್ ಚೆನ್ನಾಗಿಯೇ ಆಯಿತು. ನೋವಿನ ವಿಷಯದಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಹಣೆಬರಹ. ಅದು ಯಾಕೆ ಹಣೆಬರಹವಾಗಬೇಕು ಎಂಬುದೇ ನನ್ನ ಪ್ರಶ್ನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಅರಿವಳಿಕೆ ಎಂದರೆ ನಮ್ಮ ಜನರಿಗೆ ಎರಡೇ ಗೊತ್ತು: ‘ಪೂರ್ತಿ ಮಂಪರು’ ಮತ್ತು ‘ಬೆನ್ನಿಗೆ ಸೂಜಿ’. ಮೊದಲನೆಯದರಲ್ಲಿ ಮೆದುಳನ್ನೇ ಮಲಗಿಸುತ್ತಾರೆ. ಎರಡನೆಯದು ಸ್ಪೈನಲ್. ಬೆನ್ನುಹುರಿಯ ಸುತ್ತ ಇರುವ ದ್ರವಕ್ಕೆ ಎರಡು ಮೂರು ಮಿಲಿ ಲೀಟರ್ ಬುಪಿವಕೇನ್ ಹಾಕಿದರೆ ಹೊಟ್ಟೆಯ ಕೆಳಭಾಗದಿಂದ ಕಾಲಿನ ತುದಿಯವರೆಗೆ ಜೋಮು ಹಿಡಿಯುತ್ತದೆ. ಇದರ ಆಚೆಗೆ ಇನ್ನೂ ದೊಡ್ಡ ಕುಟುಂಬವೇ ಇದೆ. ಬೆನ್ನಿನಲ್ಲಿ ಕೂದಲೆಳೆಯಂಥ ಕೊಳವೆ ಬಿಟ್ಟು ದಿನಗಟ್ಟಲೆ ಔಷಧ ಹನಿಸುವ ಎಪಿಡ್ಯೂರಲ್. ಕೈಗೆ ಹೋಗುವ ನರಗಳ ಗೊಂಚಲನ್ನು ಕುತ್ತಿಗೆ ಅಥವಾ ಕಂಕುಳ ಬಳಿಯೇ ಹಿಡಿಯುವ ಬ್ಲಾಕ್. ಮೊಣಕಾಲಿಗೆ, ಸೊಂಟಕ್ಕೆ, ಪಕ್ಕೆಲುಬಿಗೆ, ಹೊಟ್ಟೆಯ ಗೋಡೆಗೆ ಒಂದೊಂದು ಬ್ಲಾಕ್. ಇವೆಲ್ಲ ಸೇರಿ ರೀಜನಲ್ ಅನೆಸ್ತೀಷಿಯಾ, ಅಂದರೆ ಪ್ರಾದೇಶಿಕ ಅರಿವಳಿಕೆ. ಮೆದುಳು ಎಚ್ಚರ, ಒಂದು ಪ್ರದೇಶ ಮಾತ್ರ ಸುಮ್ಮನೆ.

ಕೆಲಸ ಮಾಡುವ ಬಗೆ ಸರಳ. ನರದ ಮೇಲೆ ಸಂದೇಶ ಓಡುವುದು ಸೋಡಿಯಂ ಕಣಗಳು ಒಳನುಗ್ಗುವ ಪುಟ್ಟ ಬಾಗಿಲುಗಳ ಮೂಲಕ. ಲಿಗ್ನೋಕೇನ್, ಬುಪಿವಕೇನ್, ರೋಪಿವಕೇನ್ ಇವೆಲ್ಲ ಆ ಬಾಗಿಲಿಗೆ ತಡೆ ಹಾಕುತ್ತವೆ. ಹೊಸ ಸುಜೆಟ್ರಿಜಿನ್ ಮಾಡುವುದೂ ಅದನ್ನೇ. ಆದರೆ ನೋವಿನ ನರಗಳಲ್ಲೇ ಹೆಚ್ಚಾಗಿರುವ ಒಂದು ಬಗೆಯ ಬಾಗಿಲನ್ನು ಮಾತ್ರ ಆರಿಸಿ ಮುಚ್ಚುತ್ತದೆ, ಹಾಗಾಗಿ ಮಾತ್ರೆಯಾಗಿ ನುಂಗಬಹುದು. ಹಳೆಯ ಔಷಧಗಳಿಗೆ ಆ ವಿವೇಚನೆ ಇಲ್ಲ, ಆದ್ದರಿಂದ ಸರಿಯಾದ ಜಾಗಕ್ಕೇ ತಲುಪಿಸಬೇಕು. ಲಿಗ್ನೋಕೇನ್ 1943ರಲ್ಲಿ ಸ್ವೀಡನ್ನಿನಲ್ಲಿ ಸಿದ್ಧವಾದದ್ದು, ಬುಪಿವಕೇನ್ 1957ರದು. ಎರಡೂ ನಮ್ಮ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ, ಎರಡೂ ಅಗ್ಗ. ದುಬಾರಿಯಾಗಿರುವುದು ಔಷಧವಲ್ಲ, ಅದನ್ನು ಜಾಗಕ್ಕೆ ತಲುಪಿಸುವ ಕೈ.

ಹಿಂದೆ ಆ ಕೈ ಅಂದಾಜಿನ ಮೇಲೆ ನಡೆಯುತ್ತಿತ್ತು. ಸೂಜಿ ಚುಚ್ಚಿ, ರೋಗಿ ‘ಕರೆಂಟ್ ಹೊಡೆದ ಹಾಗಾಯಿತು’ ಎಂದರೆ ನರ ಸಿಕ್ಕಿತು ಎಂದು ಲೆಕ್ಕ. ಆಮೇಲೆ ಸಣ್ಣ ವಿದ್ಯುತ್ ಕೊಟ್ಟು ಸ್ನಾಯು ಅದುರುವುದನ್ನು ನೋಡುವ ಉಪಕರಣ ಬಂತು. 1994ರಲ್ಲಿ ವಿಯೆನ್ನಾದ ವೈದ್ಯರ ತಂಡ ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಂಡೇ ತೋಳಿನ ಬ್ಲಾಕ್ ಕೊಟ್ಟು ತೋರಿಸಿತು. ಅಲ್ಲಿಂದ ಈ ಕ್ಷೇತ್ರದ ಚಹರೆಯೇ ಬದಲಾಯಿತು. ಪರದೆಯ ಮೇಲೆ ನರ ಕಾಣುತ್ತದೆ, ಪಕ್ಕದ ರಕ್ತನಾಳ ಕಾಣುತ್ತದೆ, ಸೂಜಿಯ ತುದಿ ಕಾಣುತ್ತದೆ, ಔಷಧ ಹರಡುವುದೂ ಕಾಣುತ್ತದೆ. 2016ರಲ್ಲಿ ಕೆನಡಾದ ವೈದ್ಯರು ವಿವರಿಸಿದ ಇರೆಕ್ಟರ್ ಸ್ಪೈನೀ ಬ್ಲಾಕ್ ಬೆನ್ನಿನ ಸ್ನಾಯುವಿನ ಅಡಿಯಲ್ಲಿ ಕೊಡುವಂಥದ್ದು, ಕಲಿಯಲು ಸುಲಭ. ಸೊಂಟ ಮುರಿದವರಿಗೆ ಕೊಡುವ ಪೆಂಗ್ ಬ್ಲಾಕ್ 2018ರದು. ನಾನು ಎಂಟೆಕ್ ಮುಗಿಸಿದ ಮೇಲೆ ಹುಟ್ಟಿದ ಬ್ಲಾಕ್‌ಗಳು ಇವು. ಅಷ್ಟು ವೇಗವಾಗಿ ಬೆಳೆಯುತ್ತಿರುವ ವಿದ್ಯೆ.

ಈ ಹೈದರಾಬಾದಿಗೂ ಅರಿವಳಿಕೆಗೂ ಹಳೆಯ ನಂಟಿದೆ ಎಂಬುದು ಇಲ್ಲಿರುವ ಎಷ್ಟೋ ಕನ್ನಡಿಗರಿಗೆ ಗೊತ್ತಿಲ್ಲ. 1888 ಮತ್ತು 1889ರಲ್ಲಿ, ಕ್ಲೋರೋಫಾರ್ಮ್ ಸಾಯಿಸುವುದು ಉಸಿರು ನಿಲ್ಲಿಸಿಯೋ ಹೃದಯ ನಿಲ್ಲಿಸಿಯೋ ಎಂದು ತೀರ್ಮಾನಿಸಲು ನಿಜಾಮರ ಹಣದಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳು ಇಲ್ಲೇ ಕೂತವು. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಬಂದರು. ‘ಉಸಿರು’ ಎಂದು ಅವರು ಕೊಟ್ಟ ತೀರ್ಪು ಪೂರ್ತಿ ಸರಿಯಾಗಿರಲಿಲ್ಲ, ಹೃದಯವೂ ನಿಲ್ಲಬಹುದೆಂದು ಮುಂದೆ ಸಾಬೀತಾಯಿತು. ಆದರೆ ಆ ಕಾಲದ ಇಲ್ಲಿನ ಆಸ್ಪತ್ರೆಗಳಲ್ಲಿ ಕ್ಲೋರೋಫಾರ್ಮ್ ಕೊಡುತ್ತಿದ್ದ ರೂಪಾಬಾಯಿ ಫರ್ದೂನ್‌ಜಿ ಅವರನ್ನು ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂದು ಇಂದು ಗುರುತಿಸುತ್ತಾರೆ. ಅಂಥ ಊರಿರುವ ತೆಲಂಗಾಣದಲ್ಲಿ ಈಗಿನ ಪರಿಸ್ಥಿತಿ ನೋಡಿ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಹೆರಿಗೆಗಳಲ್ಲಿ ಶೇ 60.7 ಸಿಸೇರಿಯನ್. ಕರ್ನಾಟಕದಲ್ಲಿ ಶೇ 31.5, ದೇಶದಲ್ಲಿ ಶೇ 21.5. ಇಷ್ಟೊಂದು ಸಿಸೇರಿಯನ್ ಬೇಕೇ ಎಂಬುದು ಬೇರೆಯೇ ಜಗಳ. ಆದರೆ ಮಾಡಿದ ಮೇಲೆ, ಅವುಗಳಲ್ಲಿ ಬಹುಪಾಲಿಗೆ ಬೆನ್ನಿಗೆ ಸೂಜಿ ಬಿದ್ದಿರುತ್ತದೆ. ಅಂದರೆ ಪ್ರಾದೇಶಿಕ ಅರಿವಳಿಕೆ ನಮ್ಮಲ್ಲಿ ಅಪರೂಪದ್ದಲ್ಲ, ದಿನನಿತ್ಯದ್ದು.

ಹಾಗಾದರೆ ಕೊರತೆ ಎಲ್ಲಿ? ಸ್ಪೈನಲ್ ಕೆಲಸ ಮಾಡುವುದು ಎರಡು ಮೂರು ಗಂಟೆ. ಕೊಯ್ದು ಹೊಲಿಯುವಷ್ಟು ಹೊತ್ತು. ಅದು ಸರ್ಜನ್‌ಗೆ ಬೇಕಾದ ಅರಿವಳಿಕೆ. ರೋಗಿಗೆ ನೋವು ಶುರುವಾಗುವುದೇ ಅದು ಇಳಿದ ಮೇಲೆ. ನನ್ನ ಚಿಕ್ಕಪ್ಪನ ಮಗಳಿಗೆ ಊರ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಮಧ್ಯಾಹ್ನ ಸಿಸೇರಿಯನ್ ಆಯಿತು. ಸಂಜೆಗೆ ಜೋಮು ಇಳಿಯಿತು. ಆಮೇಲೆ ಸಿಕ್ಕಿದ್ದು ಹನ್ನೆರಡು ಗಂಟೆಗೊಂದು ಡೈಕ್ಲೋಫಿನಾಕ್ ಇಂಜೆಕ್ಷನ್ ಮತ್ತು ‘ಹಡದ ಮ್ಯಾಲ ಬ್ಯಾನಿ ಇರೂದೇ ಅಲ್ಲೇನವ್ವಾ’ ಎಂಬ ಸಮಾಧಾನ. ಕೂಸನ್ನು ಎದೆಗೆ ಹಿಡಿಯಲು ಮಗ್ಗುಲಾಗುವುದಕ್ಕೂ ಅವಳಿಗೆ ಎರಡು ದಿನ ಆಗಲಿಲ್ಲ. ಆ ನರ್ಸ್ ಕೆಟ್ಟವರಲ್ಲ. ಅವರ ಬೀರುವಿನಲ್ಲಿ ಇದ್ದದ್ದೇ ಅಷ್ಟು.

ಹೊಟ್ಟೆ ಹೊಲಿಯುವ ಮುನ್ನ ಗಾಯದ ಅಂಚಿಗೆ ಇಪ್ಪತ್ತು ಮಿಲಿ ಲೀಟರ್‌ನಷ್ಟು ತಿಳಿ ಬುಪಿವಕೇನ್ ಹಾಕಿದ್ದರೂ ಆ ಮೊದಲ ರಾತ್ರಿ ಬೇರೆಯಾಗುತ್ತಿತ್ತು. ಹೊಟ್ಟೆಯ ಗೋಡೆಯ ಎರಡು ಸ್ನಾಯುಗಳ ನಡುವೆ ಕೊಡುವ ಟ್ಯಾಪ್ ಬ್ಲಾಕ್ ಆಗಿದ್ದರೆ ಇನ್ನೂ ಹೆಚ್ಚು ಹೊತ್ತು. ಐರ್ಲೆಂಡಿನ ವೈದ್ಯರೊಬ್ಬರು ಟ್ಯಾಪ್ ಬ್ಲಾಕ್ ಅನ್ನು 2001ರಲ್ಲಿ ವಿವರಿಸಿದಾಗ ಅದಕ್ಕೆ ಅಲ್ಟ್ರಾಸೌಂಡ್ ಕೂಡ ಬಳಸಿರಲಿಲ್ಲ, ಸೊಂಟದ ಮೂಳೆಯ ಮೇಲಿನ ಗುರುತು ಹಿಡಿದು ಕೊಟ್ಟಿದ್ದರು.

ಅಮೆರಿಕದವರು ಬ್ಲಾಕ್‌ಗಳ ಹಿಂದೆ ಬಿದ್ದದ್ದು ಅಫೀಮಿನ ಮಾತ್ರೆಗಳನ್ನು ಕಡಿಮೆ ಮಾಡಲು. ಅಲ್ಲಿನ ಸಂಶೋಧನಾ ಲೇಖನಗಳಲ್ಲಿ ‘ಇಷ್ಟು ಮಿಲಿಗ್ರಾಂ ಮಾರ್ಫಿನ್ ಉಳಿಯಿತು’ ಎಂಬುದೇ ಯಶಸ್ಸಿನ ಅಳತೆ. ಆ ಅಳತೆಗೋಲನ್ನು ಹಾಗೇ ಎತ್ತಿಕೊಂಡು ಬಂದು ನಮ್ಮ ಊರಿನಲ್ಲಿ ಇಡುವುದು ತಮಾಷೆ. ಇಲ್ಲದ ಮಾರ್ಫಿನ್ ಉಳಿಸುವುದು ಹೇಗೆ? 2017ರ ಲ್ಯಾನ್ಸೆಟ್ ಆಯೋಗದ ಲೆಕ್ಕದಲ್ಲಿ ಭಾರತದಲ್ಲಿ ಸಿಗುವ ಇಂಥ ನೋವುನಿವಾರಕ ಒಟ್ಟು ಅಗತ್ಯದ ಶೇ 4ರಷ್ಟು ಮಾತ್ರ. ಮಧ್ಯಪ್ರದೇಶದ ನೀಮಚ್, ಮಂದಸೌರ್‌ನಲ್ಲಿ, ರಾಜಸ್ಥಾನದ ಚಿತ್ತೋಡಗಡದಲ್ಲಿ ಸರ್ಕಾರದ ಪರವಾನಗಿಯಲ್ಲೇ ಗಸಗಸೆ ಬೆಳೆದು, ನೀಮಚ್ ಮತ್ತು ಗಾಜಿಪುರದ ಸರ್ಕಾರಿ ಕಾರ್ಖಾನೆಗಳಲ್ಲಿ ಅಫೀಮು ಸಂಸ್ಕರಿಸಿ, ಹೊರದೇಶಕ್ಕೂ ಕಳಿಸುವ ದೇಶ ನಮ್ಮದು. ಕಬ್ಬು ಬೆಳೆದವನ ಮನೆಯಲ್ಲೇ ಬೆಲ್ಲವಿಲ್ಲ.

ಇದರ ಹಿಂದೆ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ಮಾದಕವಸ್ತು ತಡೆಯಲು ಹೊರಟ ಕಾಯ್ದೆ ಮಾರ್ಫಿನ್‌ಗೆ ಹಲವು ಪರವಾನಗಿಗಳ ಬೇಲಿ ಕಟ್ಟಿತು. ಕೇರಳದ ಅರಿವಳಿಕೆ ತಜ್ಞ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಅವರಂಥವರು ವರ್ಷಗಟ್ಟಲೆ ಓಡಾಡಿದ ಮೇಲೆ 2014ರಲ್ಲಿ ತಿದ್ದುಪಡಿ ಬಂತು. ಮಾರ್ಫಿನ್, ಫೆಂಟನಿಲ್ ಸೇರಿ ಆರು ಔಷಧಗಳು ‘ಅಗತ್ಯ ಮಾದಕ ಔಷಧ’ಗಳಾದವು, ಮಾನ್ಯತೆ ಪಡೆದ ಆಸ್ಪತ್ರೆಗೆ ಒಂದೇ ಅನುಮತಿ ಸಾಕಾಯಿತು. ಕಾಗದದ ಮೇಲೆ ಬೇಲಿ ತೆಗೆದದ್ದು ಹೌದು. ಆದರೆ ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮ್‌ನವರಿಗೆ ರಿಜಿಸ್ಟರು, ಲೆಕ್ಕ, ತಪಾಸಣೆ ಎಂದರೆ ಈಗಲೂ ಹಿಂಜರಿಕೆ. ಕೈಗೆಟುಕುತ್ತಿದ್ದ ಟ್ರಮಡಾಲ್ ಕೂಡ 2018ರಲ್ಲಿ ಇದೇ ಕಾಯ್ದೆಯೊಳಗೆ ಬಂತು. ದುರ್ಬಳಕೆ ನಿಜವಾಗಿಯೂ ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಪ್ರತಿ ಸಲ ಬಾಗಿಲು ಬಿಗಿಯಾದಾಗಲೂ ಹೊರಗೆ ಉಳಿಯುವುದು ಕಳ್ಳಸಾಗಣೆದಾರನಲ್ಲ, ತಾಲ್ಲೂಕು ಆಸ್ಪತ್ರೆಯ ರೋಗಿ.

ಆದ್ದರಿಂದ ಬ್ಲಾಕ್ ನಮ್ಮಲ್ಲಿ ಮಾರ್ಫಿನ್‌ಗೆ ಪರ್ಯಾಯವಲ್ಲ. ಎಷ್ಟೋ ಕಡೆ ಡೈಕ್ಲೋಫಿನಾಕ್‌ನಿಂದ ಆಚೆಗೆ ಇರುವ ಏಕೈಕ ಗಟ್ಟಿ ನೋವುಪರಿಹಾರ ಅದೇ. ಮೂತ್ರಪಿಂಡ ದುರ್ಬಲವಿರುವ, ಹೊಟ್ಟೆ ಹುಣ್ಣಿರುವ ವಯಸ್ಸಾದವರಿಗಂತೂ ಡೈಕ್ಲೋಫಿನಾಕ್ ಕೂಡ ಕೊಡುವಂತಿಲ್ಲ. ನೋವು ಸಹಿಸಿದರೆ ಆಯಿತಲ್ಲ ಎನ್ನುವವರಿಗೆ ಇಷ್ಟು ಹೇಳಬೇಕು: ಪಕ್ಕೆಲುಬು ಮುರಿದವರು ನೋವಿಗೆ ಹೆದರಿ ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ, ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ. ಕಾಲು ಆಪರೇಷನ್ ಆದವರು ಕದಲದೆ ಮಲಗಿದರೆ ರಕ್ತ ಹೆಪ್ಪುಗಟ್ಟುತ್ತದೆ. ಎದೆ ತೆರೆದ, ಸ್ತನ ತೆಗೆದ, ಕಾಲು ಕತ್ತರಿಸಿದ ಆಪರೇಷನ್‌ಗಳ ನಂತರ ಕೆಲವರಿಗೆ ನೋವು ತಿಂಗಳುಗಟ್ಟಲೆ ಉಳಿದುಬಿಡುತ್ತದೆ. ಮೊದಲ ದಿನಗಳ ತೀವ್ರ ನೋವು ಅದಕ್ಕೊಂದು ಮುನ್ಸೂಚನೆ.

ಇನ್ನು ಬ್ಲಾಕ್ ಸಿಕ್ಕವರ ಕತೆ. ನನ್ನ ತಾಯಿಗೆ ಈ ಊರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಬಲ ಮೊಣಕಾಲಿನ ಕೀಲು ಬದಲಿಸಿದರು. ಸ್ಪೈನಲ್ ಜೊತೆಗೆ ತೊಡೆಯ ಒಳಭಾಗದಲ್ಲಿ ಅಡಕ್ಟರ್ ಕೆನಾಲ್ ಬ್ಲಾಕ್. ಇದರ ಜಾಣತನ ನನಗೆ ಬಹಳ ಹಿಡಿಸಿತು. ಹಿಂದೆ ತೊಡೆಯ ಬುಡದಲ್ಲೇ ಫೆಮೊರಲ್ ನರವನ್ನು ಹಿಡಿಯುತ್ತಿದ್ದರು. ನೋವು ಹೋಗುತ್ತಿತ್ತು, ಜೊತೆಗೆ ತೊಡೆಯ ಸ್ನಾಯುವಿನ ಬಲವೂ ಹೋಗಿ ರೋಗಿ ಎದ್ದು ನಿಂತರೆ ಬೀಳುವ ಭಯ. ಅದೇ ನರವನ್ನು ಇನ್ನಷ್ಟು ಕೆಳಗೆ, ಸ್ನಾಯುವಿನ ಕವಲುಗಳು ಬಹುಮಟ್ಟಿಗೆ ಬೇರೆಯಾದ ಮೇಲೆ ಹಿಡಿದರೆ ನೋವು ಮಾತ್ರ ನಿಲ್ಲುತ್ತದೆ, ಬಲ ಉಳಿಯುತ್ತದೆ. ಅವ್ವ ಅದೇ ಸಂಜೆ ವಾಕರ್ ಹಿಡಿದು ಹತ್ತು ಹೆಜ್ಜೆ ನಡೆದಳು. ಉಪ್ಪಿಟ್ಟು ತಿಂದಳು. ಊರಿಗೆಲ್ಲ ಫೋನು ಮಾಡಿ ‘ಏನೂ ಆಗೇ ಇಲ್ಲ’ ಅಂದಳು.

ರಾತ್ರಿ ಮೂರಕ್ಕೆ ಬ್ಲಾಕ್ ಇಳಿಯಿತು. ಮೆಟ್ಟಿಲು ಮೆಟ್ಟಿಲಾಗಿ ಅಲ್ಲ, ಒಮ್ಮೆಲೇ. ವೈದ್ಯರು ಇದಕ್ಕೆ ರೀಬೌಂಡ್ ಪೇನ್ ಎನ್ನುತ್ತಾರೆ, ಮರುಕಳಿಸುವ ನೋವು. ಕೇರಳದ ನರ್ಸ್ ಹಿಂದಿಯಲ್ಲಿ ‘ಹತ್ತಕ್ಕೆ ಎಷ್ಟು’ ಎಂದು ಕೇಳಿದರು. ನಾನು ಅನುವಾದಿಸಿದೆ. ಅವ್ವ ತನ್ನ ಲೆಕ್ಕದಲ್ಲಿ ಉತ್ತರ ಕೊಟ್ಟಳು: ‘ರೂಪಾಯ್ದಾಗ ಬಾರಾಣೆ ಅದ’. ನರ್ಸ್ ನನ್ನ ಮುಖ ನೋಡಿದರು. ಏಳೂವರೆ ಎಂದೆ. ಅವರು ಚಾರ್ಟಿನಲ್ಲಿ ನೋಡಿದರೆ ನೋವಿನ ಔಷಧದ ಮುಂದೆ ‘ಎಸ್‌ಒಎಸ್’ ಎಂದಷ್ಟೇ ಇತ್ತು, ಅಂದರೆ ಬೇಕಾದಾಗ. ಬೇಕಾಗಿದೆ ಎಂದು ತೀರ್ಮಾನಿಸಬೇಕಾದ ಡ್ಯೂಟಿ ಡಾಕ್ಟರ್ ಇನ್ನೊಂದು ಮಹಡಿಯಲ್ಲಿ. ಔಷಧ ರಕ್ತಕ್ಕೆ ಸೇರುವಷ್ಟರಲ್ಲಿ ನಾಲ್ಕೂವರೆ.

ನನ್ನ ವೃತ್ತಿಯಲ್ಲಿ ಇದಕ್ಕೆ ಸಮನಾದದ್ದೊಂದಿದೆ. ಪ್ರತಿ ವೆಬ್‌ಸೈಟಿಗೂ ಭದ್ರತಾ ಪ್ರಮಾಣಪತ್ರ ಇರುತ್ತದೆ, ಅದು ಯಾವ ದಿನ, ಯಾವ ಗಂಟೆಗೆ ಮುಗಿಯುತ್ತದೆ ಎಂದು ಅದರಲ್ಲೇ ಬರೆದಿರುತ್ತದೆ. ಆದರೂ ದೊಡ್ಡ ದೊಡ್ಡ ಕಂಪನಿಗಳ ಸೈಟುಗಳು ಅದು ಮುಗಿದಾಗ ಬಿದ್ದುಹೋಗುತ್ತವೆ, ಕಾರಣ ಯಾರೂ ನೆನಪಿನ ಗಂಟೆ ಕಟ್ಟಿರುವುದಿಲ್ಲ. ಒಂದೇ ಸಲ ಕೊಟ್ಟ ಬ್ಲಾಕ್ ಸಾಮಾನ್ಯವಾಗಿ ಹನ್ನೆರಡರಿಂದ ಹದಿನೆಂಟು ಗಂಟೆ ಎಂದು ಕೊಟ್ಟವರಿಗೆ ಗೊತ್ತು. ಇಳಿಯುವ ಮೊದಲೇ ಪ್ಯಾರಾಸಿಟಮಾಲ್ ಮತ್ತು ಹೊಂದುವ ಇನ್ನೊಂದು ಔಷಧ ಗಂಟೆಗೆ ಸರಿಯಾಗಿ ಶುರುವಾಗಿದ್ದರೆ ಆ ಒಂದೂವರೆ ಗಂಟೆ ಇರುತ್ತಿರಲಿಲ್ಲ. ತಜ್ಞತೆ ಇತ್ತು, ಯಂತ್ರ ಇತ್ತು, ಔಷಧ ಇತ್ತು. ಆಪರೇಷನ್ ಕೊಠಡಿಯ ಬಾಗಿಲಿನಿಂದ ವಾರ್ಡಿನ ಬಾಗಿಲಿಗೆ ಮಾಹಿತಿ ಹೋಗಲಿಲ್ಲ. ಅರಿವಳಿಕೆ ತಜ್ಞರ ಜವಾಬ್ದಾರಿ ಎಲ್ಲಿ ಮುಗಿಯುತ್ತದೆ, ವಾರ್ಡಿನದು ಎಲ್ಲಿ ಶುರುವಾಗುತ್ತದೆ ಎಂಬುದರ ನಡುವಿನ ಸಂದಿಯಲ್ಲಿ ನೋವು ಬಿದ್ದಿತ್ತು.

ಇಲ್ಲಿ ಹಣದ ಮಾತೂ ಬರುತ್ತದೆ. ಆಯುಷ್ಮಾನ್ ಭಾರತ್‌ನಂಥ ಯೋಜನೆಗಳಲ್ಲಿ ಆಪರೇಷನ್‌ಗೆ ಒಂದು ಪ್ಯಾಕೇಜ್ ದರ. ಸರ್ಜನ್, ಅರಿವಳಿಕೆ ತಜ್ಞ, ಔಷಧ, ಹಾಸಿಗೆ ಎಲ್ಲ ಅದರೊಳಗೇ. ಬ್ಲಾಕ್ ಕೊಟ್ಟರೂ ಅಷ್ಟೇ, ಕೊಡದಿದ್ದರೂ ಅಷ್ಟೇ. ಬ್ಲಾಕ್ ಕೊಡಲು ಹಿಡಿಯುವ ಹದಿನೈದು ನಿಮಿಷ ಮುಂದಿನ ಕೇಸಿನಿಂದ ಕಳೆದುಹೋಗುವ ಹದಿನೈದು ನಿಮಿಷ. ಇದೇ ಸಮಸ್ಯೆಯನ್ನು ಅಮೆರಿಕ ಇನ್ನೊಂದು ತುದಿಯಿಂದ ಎದುರಿಸಿತು. ನೋಪೇನ್ ಎಂಬ ಕಾಯ್ದೆ ತಂದು, 2025ರ ಜನವರಿ 1ರಿಂದ ಅಫೀಮೇತರ ನೋವುಚಿಕಿತ್ಸೆಗಳಲ್ಲಿ ಕೆಲವಕ್ಕೆ ಮೆಡಿಕೇರ್ ಪ್ಯಾಕೇಜಿನ ಹೊರಗೆ ಪ್ರತ್ಯೇಕ ಹಣ ಕೊಡತೊಡಗಿತು. ನಮ್ಮ ಸರ್ಕಾರಗಳು ಅಮೆರಿಕವನ್ನು ನಕಲು ಮಾಡಲಿ ಎಂದಲ್ಲ. ಆದರೆ ಸಿಸೇರಿಯನ್, ಸೊಂಟದ ಮುರಿತ, ಪಕ್ಕೆಲುಬಿನ ಮುರಿತ ಈ ಮೂರಕ್ಕಾದರೂ ಕೆಲವು ನೂರು ರೂಪಾಯಿಯ ಪ್ರತ್ಯೇಕ ಸಾಲು ಸೇರಿಸಿದರೆ ಏನಾಗುತ್ತದೆ ಎಂದು ಒಂದು ಜಿಲ್ಲೆಯಲ್ಲಿ ನೋಡಬಹುದು.

ಹಣಕ್ಕಿಂತ ಮೊದಲು ಕೈ ಬೇಕಲ್ಲ. 2021-22ರ ಗ್ರಾಮೀಣ ಆರೋಗ್ಯ ಅಂಕಿಅಂಶಗಳಲ್ಲಿ ಸಮುದಾಯ ಆರೋಗ್ಯ ಕೇಂದ್ರಗಳಿಗೆ ಬೇಕಾದ ತಜ್ಞರಲ್ಲಿ ಸುಮಾರು ಶೇ 80ರಷ್ಟು ಕೊರತೆ. ಆ ಶೇಕಡಾವಾರು ಲೆಕ್ಕದಲ್ಲಿ ಸೇರುವುದು ಸರ್ಜನ್, ಪ್ರಸೂತಿ ತಜ್ಞ, ಫಿಜಿಷಿಯನ್, ಮಕ್ಕಳ ತಜ್ಞ ಈ ನಾಲ್ವರು. ಅರಿವಳಿಕೆ ತಜ್ಞರು ಆ ಮೊತ್ತದಲ್ಲೇ ಇಲ್ಲ. ಸರ್ಜನ್ ಬಂದರೂ ಅರಿವಳಿಕೆಯವರಿಲ್ಲದೆ ಚಾಕು ಎತ್ತುವಂತಿಲ್ಲ ಎಂದು ಗೊತ್ತಿದ್ದೂ ಹೀಗೆ. ಈ ಕೊರತೆ ತುಂಬಲು ಎಂಬಿಬಿಎಸ್ ವೈದ್ಯರಿಗೆ ಹದಿನೆಂಟು ವಾರಗಳ ಜೀವರಕ್ಷಕ ಅರಿವಳಿಕೆ ತರಬೇತಿ ಆರಂಭಿಸಿದ್ದು ಒಳ್ಳೆಯ ಹೆಜ್ಜೆಯೇ. ತುರ್ತು ಹೆರಿಗೆಗೆ ಸ್ಪೈನಲ್ ಕೊಡಲು ಅವರು ಸಿದ್ಧರಾಗುತ್ತಾರೆ. ಅದೇ ಪಠ್ಯದಲ್ಲಿ ಗಾಯದಂಚಿನ ಇಂಜೆಕ್ಷನ್ ಮತ್ತು ಟ್ಯಾಪ್ ಬ್ಲಾಕ್‌ಗೆ ಒಂದು ವಾರ ಗಟ್ಟಿಯಾಗಿ ಮೀಸಲಿಟ್ಟರೆ ಆಪರೇಷನ್ ನಂತರದ ರಾತ್ರಿಗೂ ಒಬ್ಬರು ಸಿಕ್ಕಂತಾಗುತ್ತದೆ.

ಅಲ್ಟ್ರಾಸೌಂಡ್‌ನ ವಿಷಯ ಇದಕ್ಕಿಂತ ಸಿಕ್ಕು. 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ಪ್ರಕಾರ ಪ್ರತಿ ಸ್ಕ್ಯಾನಿಂಗ್ ಯಂತ್ರ ನೋಂದಣಿಯಾಗಬೇಕು, ಎಲ್ಲಿ ಇದೆ ಎಂದು ಅಧಿಕಾರಿಗಳಿಗೆ ಗೊತ್ತಿರಬೇಕು, ಕೈಯಲ್ಲಿ ಹಿಡಿದೊಯ್ಯುವ ಯಂತ್ರಕ್ಕಂತೂ ಇನ್ನೂ ಬಿಗಿ ನಿಯಮ. ಒಬ್ಬ ಅರಿವಳಿಕೆ ತಜ್ಞ ಬೆಳಿಗ್ಗೆ ಒಂದು ನರ್ಸಿಂಗ್ ಹೋಮ್, ಮಧ್ಯಾಹ್ನ ಇನ್ನೊಂದು, ಸಂಜೆ ಮತ್ತೊಂದು ಎಂದು ಸುತ್ತುವುದು ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಮಾಮೂಲು. ತನ್ನ ಯಂತ್ರವನ್ನು ಬ್ಯಾಗಿನಲ್ಲಿಟ್ಟು ಜೊತೆಗೆ ಒಯ್ಯುವಂತಿಲ್ಲ. ಹಾಗಾಗಿ ಸಣ್ಣ ಆಸ್ಪತ್ರೆಗಳಲ್ಲಿ ಕಣ್ಣು ಮುಚ್ಚಿ ಚುಚ್ಚಬೇಕು ಇಲ್ಲವೇ ಬ್ಲಾಕನ್ನೇ ಬಿಡಬೇಕು.

ಕಾಯ್ದೆ ಸಡಿಲಿಸಿ ಎಂದು ಸುಮ್ಮನೆ ಹೇಳಿಬಿಡುವುದು ಸುಲಭ. ಆದರೆ 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾದದ್ದು ನೆನಪಿದೆಯಲ್ಲ? ಬೆಲ್ಲ ಕಾಯಿಸುವ ಜಾಗದಲ್ಲಿ. ಅಂಥ ನಾಡಿನಲ್ಲಿ ಯಂತ್ರಗಳನ್ನು ಬೇಕಾಬಿಟ್ಟಿ ಓಡಾಡಲು ಬಿಡಿ ಎಂದು ನಾನಂತೂ ಹೇಳಲಾರೆ. ಎಂಜಿನಿಯರನಾಗಿ ನನಗೆ ತೋಚುವುದು ಬೇರೆ. ಬ್ಲಾಕ್‌ಗೆ ಹೆಚ್ಚಾಗಿ ಬಳಸುವುದು ಲೀನಿಯರ್ ಪ್ರೋಬ್. ಅದರ ಆವರ್ತನ ಹೆಚ್ಚಿನದು, ಚರ್ಮದಿಂದ ಕೆಲವೇ ಸೆಂಟಿಮೀಟರ್ ಆಳದವರೆಗೆ ಸ್ಪಷ್ಟವಾಗಿ ಕಾಣುತ್ತದೆ. ಗರ್ಭ ನೋಡಲು ಬೇಕಾದದ್ದು ಆಳಕ್ಕೆ ಹೋಗುವ ಬಾಗಿದ ಪ್ರೋಬ್. ಲೀನಿಯರ್ ಪ್ರೋಬ್ ಬಿಟ್ಟು ಬೇರೆ ಯಾವುದನ್ನೂ ಸ್ವೀಕರಿಸದಂತೆ ಕಾರ್ಖಾನೆಯಲ್ಲೇ ಬೀಗ ಹಾಕಿದ, ಪ್ರತಿ ಬಳಕೆಯ ಸಮಯ, ಸ್ಥಳವನ್ನು ಅಳಿಸಲಾಗದಂತೆ ದಾಖಲಿಸುವ ಯಂತ್ರಕ್ಕೆ ಪ್ರತ್ಯೇಕ ವರ್ಗ ಮಾಡಬಹುದು. ಕಟ್ಟಡಕ್ಕೆ ಕಟ್ಟಿಹಾಕುವ ಬದಲು ಬಳಕೆಗೆ ಲೆಕ್ಕ ಕೇಳುವುದು. ತಾಂತ್ರಿಕವಾಗಿ ಇದು ಕಷ್ಟದ ಕೆಲಸವಲ್ಲ. ಬೀಗ ಮುರಿಯುವವರು ಇರುತ್ತಾರೆ ಎಂಬ ಆಕ್ಷೇಪಕ್ಕೆ ಉತ್ತರ, ಈಗಿನ ನಿಯಮವನ್ನು ಆಲೆಮನೆಯವರು ಮುರಿಯಲಿಲ್ಲವೇ ಎಂಬುದು.

ಬ್ಲಾಕ್‌ಗಳ ಬಗ್ಗೆ ಉತ್ಸಾಹ ಹೆಚ್ಚಾದಾಗ ತಣ್ಣೀರು ಹಾಕುವ ಅಧ್ಯಯನಗಳನ್ನೂ ನೋಡಬೇಕು. ಸೊಂಟ ಮುರಿದ ವಯಸ್ಸಾದವರಿಗೆ ಸ್ಪೈನಲ್ ಕೊಟ್ಟರೆ ಪೂರ್ತಿ ಮಂಪರಿಗಿಂತ ಚೇತರಿಕೆ ಉತ್ತಮ ಎಂದು ಬಹಳ ಕಾಲ ನಂಬಿದ್ದರು. ಅಮೆರಿಕ ಮತ್ತು ಕೆನಡಾದ 1,600 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ರೀಗೇನ್ ಅಧ್ಯಯನದಲ್ಲಿ, ಅರವತ್ತು ದಿನಗಳ ಹೊತ್ತಿಗೆ ಸತ್ತವರು ಅಥವಾ ನಡೆಯಲಾಗದವರು ಒಂದು ಕಡೆ ಶೇ 18.5, ಇನ್ನೊಂದು ಕಡೆ ಶೇ 18. ವ್ಯತ್ಯಾಸವೇ ಇಲ್ಲ. ಹಾಗೆಯೇ ಸ್ತನ ಕ್ಯಾನ್ಸರ್ ಆಪರೇಷನ್‌ನಲ್ಲಿ ಪ್ರಾದೇಶಿಕ ಅರಿವಳಿಕೆ ಕೊಟ್ಟರೆ ಕ್ಯಾನ್ಸರ್ ಮರಳುವುದು ಕಡಿಮೆಯಾಗುತ್ತದೆ ಎಂಬ ಆಸೆಯನ್ನು 2019ರ ಲ್ಯಾನ್ಸೆಟ್ ಅಧ್ಯಯನ ಸುಳ್ಳಾಗಿಸಿತು.

ಕುತೂಹಲದ ವಿಷಯವೆಂದರೆ, ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು ಅದೇ ಪ್ರಶ್ನೆಯನ್ನು ಬೇರೆ ರೀತಿ ಕೇಳಿದರು. ಗಡ್ಡೆ ತೆಗೆಯುವ ಕೆಲವೇ ನಿಮಿಷ ಮೊದಲು ಅದರ ಸುತ್ತಲೇ ಶೇ 0.5ರ ಲಿಗ್ನೋಕೇನ್ ಹಾಕಿದರೆ? ದೇಶದ ಹನ್ನೊಂದು ಕೇಂದ್ರಗಳಲ್ಲಿ 1,583 ಮಹಿಳೆಯರ ಮೇಲೆ ನಡೆದ ಈ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಐದು ವರ್ಷಗಳ ನಂತರ ಬದುಕಿದ್ದವರು ಇಂಜೆಕ್ಷನ್ ಪಡೆದವರಲ್ಲಿ ಶೇ 90.1, ಪಡೆಯದವರಲ್ಲಿ ಶೇ 86.4. ಒಂದೇ ಅಧ್ಯಯನ, ಬೇರೆಯವರೂ ಮಾಡಿ ನೋಡುವವರೆಗೆ ಕುಣಿಯಬಾರದು. ಆದರೆ ಎಂಬತ್ತು ವರ್ಷ ಹಳೆಯ, ಪೇಟೆಂಟ್ ಇಲ್ಲದ, ಅಗ್ಗದ ಔಷಧದ ಮೇಲೆ ಇಷ್ಟು ದೊಡ್ಡ ಪ್ರಯೋಗ ನಡೆಸುವುದು ಸರ್ಕಾರಿ ಸಂಸ್ಥೆಯಿಂದಲೇ ಸಾಧ್ಯ. ಯಾವ ಕಂಪನಿಗೂ ಅದರಲ್ಲಿ ಲಾಭವಿಲ್ಲ.

ಊರಿನವರು ನನ್ನನ್ನು ಹೆಚ್ಚು ಕೇಳುವ ಪ್ರಶ್ನೆ ಮಾತ್ರ ಬೇರೆ: ‘ಬೆನ್ನಿಗೆ ಸೂಜಿ ಹಾಕಿಸಿಕೊಂಡರೆ ಜೀವನಪೂರ್ತಿ ಸೊಂಟನೋವು ಅಂತೆ, ಹೌದಾ?’ ಸೂಜಿ ಹಾಕಿದ ಜಾಗ ಕೆಲವು ದಿನ ನೋಯಬಹುದು. ವರ್ಷಗಟ್ಟಲೆ ಉಳಿಯುವ ಸೊಂಟನೋವಿಗೂ ಸ್ಪೈನಲ್‌ಗೂ ಸಂಬಂಧ ಕಂಡುಬಂದಿಲ್ಲ. ಬಸಿರು, ಬಾಣಂತನ, ಕೂಸನ್ನೆತ್ತಿಕೊಂಡು ಬಾಗಿ ಮಾಡುವ ಕೆಲಸ ಇವೇ ಸೊಂಟ ಹಿಡಿಯಲು ಸಾಕು. ತಲೆನೋವು ಮಾತ್ರ ನಿಜ. ಸೂಜಿ ಮಾಡಿದ ರಂಧ್ರದಿಂದ ದ್ರವ ಸೋರಿದರೆ ಎದ್ದು ಕೂತಾಗ ತಲೆ ಸಿಡಿಯುತ್ತದೆ. 1898ರಲ್ಲಿ ಜರ್ಮನಿಯ ಕೀಲ್‌ನಲ್ಲಿ ಸ್ಪೈನಲ್ ಅನ್ನು ಮೊದಲು ಬಳಸಿದ ಆಗಸ್ಟ್ ಬಿಯರ್ ಅದನ್ನು ತನ್ನ ಮೇಲೂ ಸಹಾಯಕ ಹಿಲ್ಡೆಬ್ರಾಂಟ್ ಮೇಲೂ ಪ್ರಯೋಗಿಸಿದ್ದ. ಸಹಾಯಕನ ಮೊಣಕಾಲ ಕೆಳಗೆ ಸುತ್ತಿಗೆಯಿಂದ ಹೊಡೆದು ನೋವಿಲ್ಲವೆಂದು ಖಚಿತಪಡಿಸಿಕೊಂಡ. ಆಮೇಲೆ ಇಬ್ಬರೂ ತಲೆನೋವಿನಿಂದ ನರಳಿದರು. ಈಗಿನ ತೆಳ್ಳನೆಯ, ಪೆನ್ಸಿಲ್ ಮೊನೆಯ ಸೂಜಿಗಳಿಂದ ಇದು ಬಹಳ ಕಡಿಮೆಯಾಗಿದೆ. ದಿಂಬಿಲ್ಲದೆ ಇಡೀ ದಿನ ಅಂಗಾತ ಮಲಗಿಸುವುದರಿಂದ ತಲೆನೋವು ತಪ್ಪುತ್ತದೆ ಎಂಬುದಕ್ಕೂ ಆಧಾರವಿಲ್ಲ, ಆದರೂ ಎಷ್ಟೋ ಕಡೆ ಇನ್ನೂ ಮಲಗಿಸುತ್ತಾರೆ.

ನಿಜವಾದ ಅಪಾಯ ಬೇರೆಯದು, ಅಪರೂಪದ್ದು. ಔಷಧ ತಪ್ಪಿ ರಕ್ತನಾಳಕ್ಕೆ ಹೋದರೆ ಅಥವಾ ಪ್ರಮಾಣ ಮೀರಿದರೆ ಫಿಟ್ಸ್ ಬರಬಹುದು, ಬುಪಿವಕೇನ್‌ನಲ್ಲಿ ಹೃದಯವೇ ನಿಲ್ಲಬಹುದು. ಇದಕ್ಕೆ ಪ್ರತಿಮದ್ದು ಶೇ 20ರ ಲಿಪಿಡ್ ಎಮಲ್ಷನ್. ಬಾಯಿಂದ ಉಣ್ಣಲಾಗದ ರೋಗಿಗಳಿಗೆ ರಕ್ತನಾಳದ ಮೂಲಕ ಕೊಡುವ ಕೊಬ್ಬಿನ ದ್ರವವೇ ಅದು. ಬ್ಲಾಕ್ ಕೊಡುವ ಪ್ರತಿ ಆಸ್ಪತ್ರೆಯಲ್ಲೂ ಅದರ ಬಾಟಲಿ ಕೈಗೆಟುಕುವಂತಿರಬೇಕು. ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಆಪರೇಷನ್‌ನ ಹಿಂದಿನ ಸಂಜೆ ಅರಿವಳಿಕೆ ತಜ್ಞರು ಐದು ನಿಮಿಷಕ್ಕೆ ಬಂದು ಹೋಗುತ್ತಾರೆ. ಮನೆಯವರು ಸಾಮಾನ್ಯವಾಗಿ ‘ಏನೂ ತೊಂದರೆ ಇಲ್ಲವಲ್ಲ ಡಾಕ್ಟ್ರೇ’ ಎಂದಷ್ಟೇ ಕೇಳಿ ಕೈ ಮುಗಿಯುತ್ತಾರೆ. ನಾನೀಗ ಊರಿನಿಂದ ಬಂದವರಿಗೆ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಡುತ್ತೇನೆ, ಹಿಂದಿಯಲ್ಲೂ ಕನ್ನಡದಲ್ಲೂ. ಆಪರೇಷನ್ ನಂತರದ ನೋವಿಗೆ ಬ್ಲಾಕ್ ಅಥವಾ ಗಾಯದ ಇಂಜೆಕ್ಷನ್ ಕೊಡುತ್ತೀರಾ? ಅದು ಎಷ್ಟು ಗಂಟೆಗೆ ಇಳಿಯುತ್ತದೆ? ಇಳಿಯುವ ಮೊದಲು ಯಾವ ಔಷಧ ಶುರುವಾಗಬೇಕೆಂದು ಚಾರ್ಟಿನಲ್ಲಿ ಗಂಟೆ ಹಾಕಿ ಬರೆದಿದ್ದೀರಾ? ಹೋದ ತಿಂಗಳು ಚಿಂಚೋಳಿಯಿಂದ ಹರ್ನಿಯಾ ಆಪರೇಷನ್‌ಗೆ ಬಂದ ನಮ್ಮ ಪಕ್ಕದ ಮನೆಯ ಮಾಸ್ತರು ಮೂರನೆಯದನ್ನು ಕೇಳಿದಾಗ, ಆ ಯುವ ವೈದ್ಯೆ ಒಂದು ಕ್ಷಣ ನಿಂತು, ನರ್ಸ್ ಹತ್ತಿರ ಫೈಲು ತರಿಸಿ, ‘ಎಸ್‌ಒಎಸ್’ ಎಂದಿದ್ದನ್ನು ಹೊಡೆದುಹಾಕಿ ‘ರಾತ್ರಿ 9, ಬೆಳಗಿನ ಜಾವ 3’ ಎಂದು ಬರೆದರು.